ದೋಹಾದಲ್ಲಿ ನಮ್ಮ ಮನೆಯ ಬನ್ನಿ ಹಬ್ಬ

(ಸಂಘದ ವಾರ್ಷಿಕ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



"ಹೊರನಾಡಿನಲ್ಲಿ ನಮ್ಮ ಹಬ್ಬಗಳು" ಎಂಬ ವಿಷಯದ ಬಗ್ಗೆ ಒಂದು ಹದಿನೈದು ನಿಮಿಷ ಮಾತಾಡಿ ಎಂದು ಕಾರ್ಯದರ್ಶಿಗಳು ಫೋನ್ ಮಾಡಿದಾಗ ನಾನು ಎರಡು ಸಲ ಬೇಡವೆಂದೆ. ನಾನು ಸಾಫ್ಟ್‌ವೇರ್ ಇಂಜಿನಿಯರ್. ದಿನವಿಡೀ ವ್ಯವಹಾರ ಕಂಪ್ಯೂಟರಿನ ಜೊತೆ. ಅದು ಚಪ್ಪಾಳೆ ತಟ್ಟುವುದಿಲ್ಲ, ಬರೆದದ್ದು ತಪ್ಪಿದ್ದರೆ ಮಾತ್ರ ಬಾಯಿ ಬಿಡುತ್ತದೆ. ಎಲ್ಲ ಹಬ್ಬಗಳ ಬಗ್ಗೆ ಹೇಳುವಷ್ಟು ಪಾಂಡಿತ್ಯ ನನಗಿಲ್ಲ. ಆದ್ದರಿಂದ ಒಂದೇ ಹಬ್ಬ, ಒಂದೇ ಮನೆ. ಹಬ್ಬ ದಸರಾ, ಮನೆ ನನ್ನದು. ಅದರಲ್ಲಿ ನಾನು ಮಾಡಿದ ಎರಡು ತಪ್ಪುಗಳೂ ಇವೆ.

ನಮ್ಮ ಮನೆಯಲ್ಲಿ ದಸರಾ ಎಂದರೆ ಎರಡು ದಸರಾ. ನನ್ನ ಶ್ರೀಮತಿ ಮೈಸೂರಿನವಳು. ನಾನು ಗದಗ ಜಿಲ್ಲೆಯ ಗಜೇಂದ್ರಗಡದ ಕಡೆಯ ಹಳ್ಳಿಯವನು. ಅವಳಿಗೆ ದಸರಾ ಎಂದರೆ ಗೊಂಬೆ, ಅರಮನೆಯ ದೀಪ, ಜಂಬೂಸವಾರಿ. ಚಿಕ್ಕವಳಿದ್ದಾಗ ಸಯ್ಯಾಜಿರಾವ್ ರಸ್ತೆಯಲ್ಲಿ ಸೋದರಮಾವನ ಹೆಗಲೇರಿ ಅಂಬಾರಿ ನೋಡಿದ್ದನ್ನು ಅವಳು ಪ್ರತಿ ವರ್ಷ ಹೇಳುತ್ತಾಳೆ. ಪ್ರತಿ ವರ್ಷ ಆ ಮಾವ ಸ್ವಲ್ಪ ಎತ್ತರವಾಗುತ್ತಾರೆ! 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಪ್ರಾರಂಭಿಸಿದ ಆಚರಣೆ, 750 ಕಿಲೋ ತೂಕದ ಚಿನ್ನದ ಅಂಬಾರಿ, 2012ರಿಂದ 2019ರವರೆಗೆ ಹೊತ್ತ ಅರ್ಜುನ, 2020ರಿಂದ ಅವನ ಜಾಗಕ್ಕೆ ಬಂದ ಅಭಿಮನ್ಯು, ಇದೆಲ್ಲ ಅವಳಿಗೆ ಬಾಯಿಪಾಠ. 2023ರ ಡಿಸೆಂಬರಿನಲ್ಲಿ ಅರ್ಜುನ ಕಾಡಾನೆಯೊಂದಿಗೆ ಕಾದಾಡಿ ಸತ್ತ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಸಂಜೆ ಟಿ.ವಿ. ಹಾಕಲಿಲ್ಲ.

ನಮ್ಮ ಹಳ್ಳಿಯಲ್ಲಿ ಆನೆಯೂ ಇಲ್ಲ, ಅಂಬಾರಿಯೂ ಇಲ್ಲ. ನಮ್ಮದು ಬನ್ನಿ ಹಬ್ಬ. ದೇವರ ಮುಂದೆ ಮಣ್ಣು ಹರಡಿ ಕಾಳು ಬಿತ್ತಿ ಘಟ್ಟ ಹಾಕುತ್ತಾರೆ. ಒಂಬತ್ತು ದಿನ ಬೆಳಗಿನ ಜಾವದಲ್ಲಿ ಹೆಂಗಸರು ತಲೆಗೆ ನೀರೆರೆದುಕೊಂಡು ಬನ್ನಿ ಗಿಡದ ಪೂಜೆಗೆ ಹೋಗುತ್ತಾರೆ. ವಿಜಯದಶಮಿಯ ದಿನ ಊರ ದೇವರ ಪಲ್ಲಕ್ಕಿ ಸೀಮೆ ದಾಟಿ ಬನ್ನಿ ಗಿಡದವರೆಗೆ ಹೋಗುತ್ತದೆ. ಪಾಂಡವರು ಅಜ್ಞಾತವಾಸದಲ್ಲಿ ಆಯುಧಗಳನ್ನು ಬಚ್ಚಿಟ್ಟ ಮರವಲ್ಲವೇ ಅದು. ಆಮೇಲೆ ಶುರುವಾಗುವುದೇ ನಿಜವಾದ ಹಬ್ಬ. ಜೇಬಿನ ತುಂಬ ಬನ್ನಿ ಎಲೆ ತುಂಬಿಕೊಂಡು ಮನೆಮನೆಗೆ ಹೋಗುವುದು, ಹಿರಿಯರ ಕೈಗೆ ಬನ್ನಿ ಕೊಟ್ಟು ಕಾಲು ಮುಟ್ಟುವುದು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುವುದು. ಹಿರಿಯರು ತಿರುಗಿ ಎಲೆ ಕೊಟ್ಟು, ಮಕ್ಕಳ ಕೈಗೆ ನಾಲ್ಕಾಣೆ ಎಂಟಾಣೆ ಇಡುತ್ತಿದ್ದರು. ನನ್ನ ಅಪ್ಪ ಆ ಸಂಜೆ ಒಂದು ಮನೆಯನ್ನೂ ಬಿಡುತ್ತಿರಲಿಲ್ಲ. ಬದುವಿನ ಜಗಳದಿಂದ ವರ್ಷವಿಡೀ ಮಾತು ಬಿಟ್ಟವರ ಮನೆಗೂ ಹೋಗುತ್ತಿದ್ದ. ಮಾರನೆಯ ದಿನ ಮತ್ತೆ ಮಾತು ಬಿಡುತ್ತಿದ್ದದ್ದೂ ಉಂಟು, ಅದು ಬೇರೆ ವಿಷಯ.

ಮದುವೆಯಾದ ಹೊಸತರಲ್ಲಿ ಯಾರ ದಸರಾ ದೊಡ್ಡದು ಎಂದು ನಮ್ಮಲ್ಲಿ ವಾದ ನಡೆಯುತ್ತಿತ್ತು. "ನಿಮ್ಮ ಅಂಬಾರಿಯೂ ಕೊನೆಗೆ ಹೋಗಿ ಸೇರುವುದು ಬನ್ನಿಮಂಟಪಕ್ಕೇ ಅಲ್ಲವೇ" ಎಂದು ನಾನು ಕೇಳುತ್ತಿದ್ದೆ. ಅವಳು ಮಾತು ಬದಲಿಸಿ ಒಬ್ಬಟ್ಟು ಬಡಿಸುತ್ತಿದ್ದಳು. ನಾನು ಅದನ್ನು ಹೋಳಿಗೆ ಎಂದು ಕರೆದು ತಿನ್ನುತ್ತಿದ್ದೆ.

ಇನ್ನೊಂದು ಸಂಗತಿ, ಈ ಕೊಲ್ಲಿ ಪ್ರದೇಶದಲ್ಲಿ ಕುಳಿತವರಿಗೆ ಖುಷಿ ಕೊಡುವಂಥದ್ದು. ವಿಜಯನಗರದ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದಿಟ್ಟ ವಿದೇಶಿಯರಲ್ಲಿ ಪ್ರಮುಖನಾದ ಅಬ್ದುರ್ ರಜಾಕ್ ಹಡಗು ಹತ್ತಿದ್ದು ಈ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್‌ನಲ್ಲಿ. ಅವನು ಹಂಪಿಯಲ್ಲಿದ್ದದ್ದು 1443ರಲ್ಲಿ. ವಿಜಯನಗರದ ಸೈನ್ಯಕ್ಕೆ ಕುದುರೆಗಳು ಹೋಗುತ್ತಿದ್ದ ದಾರಿಯೂ ಇದೇ. ಅಂದರೆ ಈ ನೀರಿಗೆ ನಮ್ಮ ಹಬ್ಬದ ಪರಿಚಯ ನಮಗಿಂತ ಹಳೆಯದು.

ಸರಿ, ದೋಹಾಕ್ಕೆ ಬರೋಣ. ಇಲ್ಲಿ ನಮ್ಮ ದಸರಾ ಪಂಚಾಂಗ ನೋಡಿ ಬರುವುದಿಲ್ಲ, ಶುಕ್ರವಾರ ನೋಡಿ ಬರುತ್ತದೆ. 2022ರಲ್ಲಿ ವಿಜಯದಶಮಿ ಬುಧವಾರ, 2023ರಲ್ಲಿ ಮಂಗಳವಾರ. ಎರಡು ವರ್ಷವೂ ಮಕ್ಕಳು ಶಾಲೆಗೆ, ನಾನು ಆಫೀಸಿಗೆ. ಮೈಸೂರಿನಲ್ಲಿ ನಾಲ್ಕು ಗಂಟೆಗೆ ಅಂಬಾರಿ ಹೊರಟರೆ ಇಲ್ಲಿ ಮಧ್ಯಾಹ್ನ ಒಂದೂವರೆ, ಮೀಟಿಂಗಿನ ಸಮಯ. ಎರಡೂವರೆ ಗಂಟೆಯ ಅಂತರದಲ್ಲಿ ಹಬ್ಬ ಪೂರ್ತಿ ಕಳೆದುಹೋಗುತ್ತದೆ. ಮುಂದಿನ ಶುಕ್ರವಾರ ಹೋಳಿಗೆ ಮಾಡಿದರೆ ನಮ್ಮ ಪಾಲಿನ ದಸರಾ ಮುಗಿಯಿತು.

ಆದರೆ 2024ರಲ್ಲಿ ಒಂದು ವಿಚಿತ್ರ ನಡೆಯಿತು. ಆಯುಧಪೂಜೆ ಅಕ್ಟೋಬರ್ 11, ಶುಕ್ರವಾರ. ವಿಜಯದಶಮಿ 12, ಶನಿವಾರ. ಹಬ್ಬ ತಾನಾಗಿಯೇ ನಮ್ಮ ರಜೆಯ ದಿನ ಹುಡುಕಿಕೊಂಡು ಬಂದಿತ್ತು. ಇನ್ನು ನೆಪ ಹೇಳುವಂತಿರಲಿಲ್ಲ.

ಶ್ರೀಮತಿ ಒಂಬತ್ತು ದಿನ ಮೊದಲೇ ಗೊಂಬೆ ಕೂರಿಸಿದಳು. ತವರಿನ ಪಟ್ಟದ ಗೊಂಬೆಗಳು ಮೈಸೂರಿನಲ್ಲಿ ಅತ್ತೆಯವರ ಬೀರುವಿನಲ್ಲೇ ಉಳಿದಿವೆ. ಇಲ್ಲಿರುವುದು ಸೂಟ್‌ಕೇಸಿನಲ್ಲಿ ಟವೆಲ್ ಸುತ್ತಿ ತಂದ ಚನ್ನಪಟ್ಟಣದ ಗೊಂಬೆಗಳು. ಫ್ಲ್ಯಾಟಿನಲ್ಲಿ ಒಂಬತ್ತು ಮೆಟ್ಟಿಲು ಎಲ್ಲಿ ಬಂತು? ಚಪ್ಪಲಿ ಸ್ಟ್ಯಾಂಡು, ಎರಡು ರಟ್ಟಿನ ಪೆಟ್ಟಿಗೆ, ಮೇಲೆ ನನ್ನ ಮದುವೆಯ ರೇಷ್ಮೆ ಪಂಚೆ, ಒಟ್ಟು ಐದು ಮೆಟ್ಟಿಲು. ಒಂಬತ್ತು ವರ್ಷದ ಮಗ ತನ್ನ ಪಾಲಿನ ಗೊಂಬೆಯನ್ನೂ ಇಟ್ಟ. ಅದು 2022ರ ವಿಶ್ವಕಪ್ ಫುಟ್‌ಬಾಲಿನ ಲಾಈಬ್, ಹಾರುವ ಬಿಳಿ ಬಟ್ಟೆಯ ಆ ಲಾಂಛನ. ರಾಜ ರಾಣಿಯ ಪಕ್ಕದಲ್ಲಿ ಅದು ಅರಮನೆಗೆ ಬಂದ ಅರಬ್ ರಾಯಭಾರಿಯಂತೆ ಕಾಣುತ್ತಿತ್ತು. ಯಾರೂ ತೆಗೆಯಲಿಲ್ಲ.

ಶುಕ್ರವಾರ ಆಯುಧಪೂಜೆ. ನಮ್ಮ ಆಯುಧಗಳೆಂದರೆ ಎರಡು ಲ್ಯಾಪ್‌ಟಾಪ್, ಅದರಲ್ಲಿ ಒಂದು ಕಂಪನಿಯದು, ಅದರ ಕೀಲಿಮಣೆಗೆ ಕುಂಕುಮ ತಾಗದ ಹಾಗೆ ಪೂಜೆ. ಹದಿನಾಲ್ಕು ವರ್ಷದ ಮಗಳು ವೈಫೈ ರೂಟರನ್ನೂ ತಂದಿಟ್ಟಳು. "ಇದಿಲ್ಲದಿದ್ದರೆ ನಿನ್ನ ಯಾವ ಆಯುಧವೂ ನಡೆಯಲ್ಲ ಅಪ್ಪ" ಎಂದಳು. ಒಪ್ಪಲೇಬೇಕಾಯಿತು. ಕಾರಿನ ಚಕ್ರದಡಿ ನಿಂಬೆಹಣ್ಣು ಇಟ್ಟದ್ದಾಯಿತು. ರಸ್ತೆಯಲ್ಲಿ ಬೂದುಗುಂಬಳ ಒಡೆಯುವ ಧೈರ್ಯ ಮಾಡಲಿಲ್ಲ, ಅದು ಸಾಂಬಾರಿಗೆ ಹೋಯಿತು. ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಮುಟ್ಟಬಾರದು ಎಂದು ಶಾಸ್ತ್ರ. ರಾತ್ರಿ ಎಂಟಕ್ಕೆ ಆಫೀಸಿನಿಂದ ಕರೆ ಬಂತು, ಮುಟ್ಟಿದೆ.

ಶನಿವಾರ ಬೆಳಿಗ್ಗೆ ನಾನು ಮನೆಯವರಿಗೆಲ್ಲ ಘೋಷಿಸಿದೆ, "ಇವತ್ತು ಬನ್ನಿ ತರೋಣ." ಹದಿಮೂರು ವರ್ಷದಿಂದ ಇಲ್ಲಿದ್ದೇನೆ, ಒಮ್ಮೆಯೂ ಬನ್ನಿ ಕೊಟ್ಟಿರಲಿಲ್ಲ. ಮರುಭೂಮಿಯಲ್ಲಿ ಬನ್ನಿ ಎಲ್ಲಿ ಎಂದು ಸುಮ್ಮನಿದ್ದೆ. ಆ ವಾರವಷ್ಟೇ ಓದಿದ್ದೆ, ನಮ್ಮ ಶಮಿ ವೃಕ್ಷ, ಸಸ್ಯಶಾಸ್ತ್ರದ ಹೆಸರಿನಲ್ಲಿ ಪ್ರೊಸೋಪಿಸ್ ಸಿನರೇರಿಯಾ, ಅರಬ್ಬರ ಘಾಫ್ ಮರವೇ ಎಂದು. ರಾಜಸ್ಥಾನದ ಖೇಜ್ರಿಯೂ ಅದೇ. 1730ರಲ್ಲಿ ಖೇಜಡ್ಲಿ ಗ್ರಾಮದಲ್ಲಿ 363 ಬಿಷ್ಣೋಯಿ ಜನ ಪ್ರಾಣ ಕೊಟ್ಟದ್ದು ಆ ಮರಗಳನ್ನು ಉಳಿಸಲು. ತೆಲಂಗಾಣದ ರಾಜ್ಯವೃಕ್ಷವಾದ ಜಮ್ಮಿಯೂ ಅದೇ. ಯು.ಎ.ಇ. 2019ನ್ನು ಸಹಿಷ್ಣುತೆಯ ವರ್ಷವೆಂದು ಆಚರಿಸಿದಾಗ ಲಾಂಛನವಾಗಿ ಇಟ್ಟುಕೊಂಡದ್ದು ಇದೇ ಘಾಫ್. ಆಳಕ್ಕೆ ಬೇರು ಬಿಟ್ಟು ಮರಳಿನಲ್ಲೂ ಹಸಿರಾಗಿ ನಿಲ್ಲುವ ಮರ. ಕತಾರಿನಲ್ಲೂ ಇದೆ. ನನ್ನ ಆನಂದ ಕೇಳಬೇಡಿ.

ಅಲ್ ಖೋರ್ ಕಡೆಯ ಹೆದ್ದಾರಿ ಬಿಟ್ಟು ಒಳಗೆ ಹೋದೆವು. ಅಕ್ಟೋಬರ್ ಆದರೂ ಬೆಳಿಗ್ಗೆ ಹತ್ತಕ್ಕೇ ನೆತ್ತಿ ಸುಡುತ್ತಿತ್ತು. ಒಂದು ತಗ್ಗಿನಲ್ಲಿ ಸಣ್ಣ ಸಣ್ಣ ಎಲೆಯ, ಮುಳ್ಳಿನ, ಜೋಲುವ ಮರಗಳು ಕಂಡವು. "ಅದೇ" ಎಂದೆ. ಕಾಡುಗಿಡಗಳಿಗೆ ಹಾನಿ ಮಾಡುವುದು ಇಲ್ಲಿ ಕಾನೂನಿನ ಪ್ರಕಾರ ತಪ್ಪು. ಹಾಗಾಗಿ ಗಾಳಿಗೆ ಮುರಿದು ಬಿದ್ದಿದ್ದ ಎಳೆ ಕೊಂಬೆಯಿಂದ ಎಲೆ ಆರಿಸಿದೆವು. ಮಗನ ಬೆರಳಿಗೆ ಮುಳ್ಳು ಚುಚ್ಚಿತು. "ಪಾಂಡವರಿಗೂ ಚುಚ್ಚಿರಬೇಕು" ಎಂದು ಸಮಾಧಾನ ಮಾಡಿದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಎಲೆಗಳನ್ನು ಮಲಗಿಸಿ ತಂದೆವು.

ತಂದದ್ದೇನೋ ಆಯಿತು. ಯಾರಿಗೆ ಕೊಡುವುದು? ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬನ್ನಿ ಕೊಡುವುದು ಹಿರಿಯರಿಗೆ. ನಮ್ಮ ಪರಿಚಯದವರೆಲ್ಲ ನಮ್ಮ ವಯಸ್ಸಿನವರೇ. ನೀವೇ ಈ ಸಭಾಂಗಣವನ್ನು ಒಮ್ಮೆ ನೋಡಿ, ಅರವತ್ತು ದಾಟಿದವರು ಎಷ್ಟು ಮಂದಿ? ಮಕ್ಕಳನ್ನು ನೋಡಲು ವೀಸಾದಲ್ಲಿ ಬಂದವರನ್ನು ಬಿಟ್ಟರೆ ನಮ್ಮದು ಹಿರಿಯರಿಲ್ಲದ ಊರು. ಅವ್ವನಿಗೆ ಫೋನಿನಲ್ಲಿ ಎಲೆ ತೋರಿಸಬಹುದು, ಕಾಲು ಮುಟ್ಟಲಾಗುವುದಿಲ್ಲ.

ಆಗ ಶ್ರೀಮತಿ ನೆನಪಿಸಿದಳು, "ಕಾಕಾ ಮಧ್ಯಾಹ್ನ ಊಟಕ್ಕೆ ಬರ್ತಾರಲ್ಲ."

ಈ ಕಾಕಾ ನಮ್ಮ ಕಟ್ಟಡದ ನಲ್ಲಿ, ಪೈಪು, ಎ.ಸಿ. ರಿಪೇರಿಗೆ ಬರುವವರು. ಕೊಪ್ಪಳ ಜಿಲ್ಲೆಯವರು, ಐವತ್ತೇಳು ವಯಸ್ಸು. ಆ ಜುಲೈನಲ್ಲಿ ಎ.ಸಿ. ನೀರು ಸೋರುತ್ತಿದ್ದಾಗ ಬಂದಿದ್ದರು. ನಾನು ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದದ್ದನ್ನು ಏಣಿಯ ಮೇಲಿಂದ ಕೇಳಿಸಿಕೊಂಡು, "ಸಾಹೇಬ್ರು ಯಾ ಊರಾವ್ರು?" ಎಂದರು. ಅಂದಿನಿಂದ ಪರಿಚಯ. ಇಲ್ಲಿಗೆ ಬಂದು ಹದಿನೇಳು ವರ್ಷವಾಗಿತ್ತು. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯನ್ನು ಅವರು ಯಾವಾಗಲೂ ಬೇಸಿಗೆಗೆ ಇಟ್ಟುಕೊಳ್ಳುತ್ತಿದ್ದರು, ಮನೆಯ ಮದುವೆಗಳು ಬೀಳುವುದು ಆಗ. ಹದಿನೇಳು ವರ್ಷದಲ್ಲಿ ಒಂದು ದಸರೆಗೂ ಊರಲ್ಲಿ ಇರಲಿಲ್ಲ. ಅವರಿಗೆ ಮೊಮ್ಮಗಳಿದ್ದಾಳೆ. ಆದರೂ ಈ ಕೊಲ್ಲಿ ದೇಶಗಳ ಭಾಷೆಯಲ್ಲಿ ಅವರು ಬ್ಯಾಚುಲರ್. ಸಂಸಾರ ಜೊತೆಗಿಲ್ಲದವರೆಲ್ಲ ಇಲ್ಲಿ ಬ್ಯಾಚುಲರ್ ಎಂಬುದು ನಿಮಗೆಲ್ಲ ಗೊತ್ತೇ ಇದೆ. ನಮ್ಮ ಕಾರ್ಯಕ್ರಮಗಳ ಕರಪತ್ರದಲ್ಲಿ "ಕುಟುಂಬ ಸಮೇತರಾಗಿ ಬನ್ನಿ" ಎಂದು ಅಚ್ಚು ಹಾಕುತ್ತೇವಲ್ಲ, ಅದನ್ನು ಓದಿ ಕಾಕಾ ಯಾವತ್ತೂ ಬಂದಿರಲಿಲ್ಲ. ಅಚ್ಚು ಹಾಕಿಸಿದ ಸಮಿತಿಯಲ್ಲಿ ಒಂದು ವರ್ಷ ನಾನೂ ಇದ್ದೆ.

ಅಂದು ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಒಂದು ಕಿಲೋ ಸೇಬು ಹಿಡಿದು ಬಂದರು. ನಾನು ದೊಡ್ಡದಾಗಿ ಡಬ್ಬಿ ತೆರೆದು, ಬನ್ನಿ ತಂದಿದ್ದೇವೆ ನೋಡಿ ಎಂದೆ. ಅವರು ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದರು.

"ಇದು ಬನ್ನಿ ಅಲ್ರಿ ಸಾಹೇಬ್ರ. ಬಳ್ಳಾರಿ ಜಾಲಿ."

ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಾನು ಸ್ನಾತಕೋತ್ತರ ಪದವೀಧರ, ಲ್ಯಾಟಿನ್ ಹೆಸರನ್ನು ಹೇಳಿ ವಾದ ಮಾಡಿದೆ. ಕಾಕಾ ನಕ್ಕರು. "ಇದರ ಮುಳ್ಳ ತುಳದು ಬೆಳದ ಕಾಲು ನಂದು. ನನಗ ಗೊತ್ತಾಗೂದಿಲ್ಲೇನು?" ಎಂದರು.

ಹೌದು, ಅದು ಬಳ್ಳಾರಿ ಜಾಲಿಯೇ. ಅಮೆರಿಕ ಖಂಡದಿಂದ ಬಂದು ನಮ್ಮ ಬಯಲುಸೀಮೆಯ ಕೆರೆ, ಹೊಲಗಳನ್ನೆಲ್ಲ ಆಕ್ರಮಿಸಿದ ಅದೇ ಜಾಲಿ ಕತಾರಿಗೂ ಬಂದು ನೆಲೆಸಿದೆ. ಎರಡನ್ನೂ ಬಹುಕಾಲ ಒಂದೇ ಕುಲದ ಗಿಡಗಳೆಂದು ಎಣಿಸುತ್ತಿದ್ದರು, ದೂರದಿಂದ ನೋಡಿದರೆ ಮೋಸ ಹೋಗುವುದು ಸುಲಭ. ಜಾಲಿಯಲ್ಲಿ ಎಲೆ ಹುಟ್ಟುವ ಗೆಣ್ಣಿನಲ್ಲೇ ಉದ್ದನೆಯ ಮುಳ್ಳುಗಳಿರುತ್ತವೆ. ಘಾಫ್‌ನಲ್ಲಿ ಚಿಕ್ಕ ಮುಳ್ಳುಗಳು ಗೆಣ್ಣುಗಳ ನಡುವೆ ಚದುರಿರುತ್ತವೆ. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಇದು ಮೊದಲನೆಯ ತಪ್ಪು, ನಗುವಂಥದ್ದು.

"ಈಗೇನು ಮಾಡೋದು ಕಾಕಾ?" ಎಂದಳು ಶ್ರೀಮತಿ.

"ತಂದೀರಿ, ಬಿಡ್ರಿ. ಈ ವರ್ಷ ಇದನ್ನ ಕೊಡೂಣು. ಮುಂದಿನ ವರ್ಷ ಖರೇ ಬನ್ನಿ ತರ್ರಿ."

ಮಕ್ಕಳು ಜಾಲಿಯ ಎಲೆಯನ್ನು ಅವರ ಕೈಗಿಟ್ಟು, ನಾನು ಹೇಳಿಕೊಟ್ಟಂತೆ ಬಂಗಾರದ ಮಾತು ಹೇಳಿ, ಕಾಲು ಮುಟ್ಟಿದರು. ಕಾಕಾ ಅಂಗಿಯ ಜೇಬಿನಿಂದ ಹತ್ತು ರಿಯಾಲಿನ ಎರಡು ನೋಟು ತೆಗೆದರು. ಗರಿಗರಿ ಹೊಸ ನೋಟು, ಬರುವಾಗಲೇ ತಂದಿಟ್ಟುಕೊಂಡದ್ದು. ನಾನು ಥಟ್ಟನೆ ಅವರ ಕೈ ಹಿಡಿದೆ. "ಬೇಡ ಕಾಕಾ, ಬೇಡ, ಇದೆಲ್ಲ ಯಾಕೆ" ಎಂದೆ.

ನನ್ನ ತಲೆಯಲ್ಲಿ ಲೆಕ್ಕ ಓಡಿತ್ತು. 2021ರ ಮಾರ್ಚಿನಲ್ಲಿ ಇಲ್ಲಿ ಜಾರಿಗೆ ಬಂದ ಕನಿಷ್ಠ ಮೂಲ ವೇತನ ತಿಂಗಳಿಗೆ 1000 ರಿಯಾಲ್. ಕಾಕಾನಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಇರಬಹುದು. ಅದರಲ್ಲಿ ಇಪ್ಪತ್ತು. ನಾನು ಒಂದು ಸಂಜೆ ಕಾಫಿಗೆ ಕೊಡುವಷ್ಟು. ನಾನು ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಕಾಕಾ ನನ್ನ ಮುಖ ನೋಡಿದರು. ಅವರ ಕೈ ಇನ್ನೂ ನನ್ನ ಹಿಡಿತದಲ್ಲೇ ಇತ್ತು. "ಯಾಕ್ರಿ? ನಾ ಹಿರ್ಯಾ ಅಲ್ಲೇನು?" ಎಂದರು. ಜೋರಾಗಿ ಹೇಳಲಿಲ್ಲ.

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಶ್ರೀಮತಿಯೇ ಮುಂದೆ ಬಂದು, "ಅಜ್ಜ ಕೊಡ್ತಿದ್ದಾರೆ, ಎರಡೂ ಕೈ ಒಡ್ಡಿ ತಗೊಳ್ಳಿ" ಎಂದು ಮಕ್ಕಳಿಗೆ ಹೇಳಿದಳು. ಅಂದಿನಿಂದ ನಮ್ಮ ಮಕ್ಕಳಿಗೆ ಅವರು ಅಜ್ಜ. ಊಟದಲ್ಲಿ ಕಾಕಾ ನಾಲ್ಕು ಹೋಳಿಗೆ ತಿಂದರು, ಮಗನಿಗೆ ಊರ ಪಲ್ಲಕ್ಕಿಯ ಕಥೆ ಹೇಳಿದರು, ಏನೂ ಆಗಿಲ್ಲವೆಂಬಂತೆ ನಕ್ಕು ಹೋದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮೂರಲ್ಲಿ ಎಂಟಾಣೆ ಕೊಡುತ್ತಿದ್ದ ಮುದುಕರಲ್ಲಿ ಎಷ್ಟೋ ಜನ ನಮಗಿಂತ ಬಡವರು. ಅಪ್ಪ ಒಬ್ಬರ ಕೈಯನ್ನೂ ಹೀಗೆ ಹಿಡಿದದ್ದಿಲ್ಲ. ಇದು ಎರಡನೆಯ ತಪ್ಪು.

2025ರಲ್ಲಿ ವಿಜಯದಶಮಿ ಅಕ್ಟೋಬರ್ 2, ಗುರುವಾರ. ಹಬ್ಬ ಮತ್ತೆ ಕೈ ತಪ್ಪಿಸಿಕೊಂಡಿತ್ತು. ಆದರೆ ಈ ಸಲ ನಾನು ಸಿದ್ಧತೆ ಮಾಡಿದ್ದೆ. ಆಫೀಸಿನ ಕತಾರಿ ಸಹೋದ್ಯೋಗಿಯೊಬ್ಬರಿಗೆ ಜಾಲಿಯ ಕಥೆ ಹೇಳಿದ್ದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಅದು ಘುವೈಫ್! ಹೆಸರಿನಲ್ಲೇ ಇದೆ, ಪುಟ್ಟ ಘಾಫ್ ಅಂತ. ನಮ್ಮ ಹುಡುಗರೂ ಮೋಸ ಹೋಗುತ್ತಾರೆ" ಎಂದರು. ತಮ್ಮ ಅಜ್ಜನ ಒಂಟೆಗಳು ಘಾಫ್‌ನ ಎಲೆ ಮೇಯುತ್ತಿದ್ದವು ಎಂದು ನೆನೆದರು. ಗುರುವಾರ ಸಂಜೆ ಸಂಬಂಧಿಕರ ತೋಟದಿಂದ ಒಂದು ಚೀಲ ತುಂಬ ಎಲೆ ತಂದುಕೊಟ್ಟರು. ಯಾವ ಪೂಜೆಗೆ, ಯಾಕೆ ಎಂದು ಕೇಳಲಿಲ್ಲ. "ಹಿರಿಯರಿಗೆ ಕೊಡುವುದಕ್ಕೆ" ಎಂದು ನಾನೇ ಹೇಳಿದೆ. ಅಷ್ಟು ಸಾಕಾಯಿತು.

ಶುಕ್ರವಾರ ನಾವು ನಾಲ್ವರೂ ಕಾಕಾನ ಕೋಣೆಗೆ ಹೋದೆವು, ಇಂಡಸ್ಟ್ರಿಯಲ್ ಏರಿಯಾಕ್ಕೆ. ಬನ್ನಿ ಕೊಡಲು ಕಿರಿಯರು ಹಿರಿಯರ ಮನೆಗೆ ಹೋಗಬೇಕೇ ಹೊರತು ಹಿರಿಯರನ್ನು ಕರೆಸಿಕೊಳ್ಳುವುದಲ್ಲ. ಹಿಂದಿನ ವರ್ಷ ಅದೂ ನನಗೆ ಮರೆತಿತ್ತು. ಮಗಳಿಗೆ ಹದಿನೈದಾಗಿತ್ತು, ಮೊದಲು ಸ್ವಲ್ಪ ಸಂಕೋಚಪಟ್ಟಳು. ನಾನೂ ಸಂಕೋಚಪಟ್ಟಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಹದಿನಾಲ್ಕು ವರ್ಷದಲ್ಲಿ ಟೈರು ಬದಲಿಸಲು ಬಿಟ್ಟರೆ ಬೇರೆ ಕೆಲಸಕ್ಕೆ ನಾನು ಆ ಕಡೆ ಹೋದವನಲ್ಲ.

ಆರು ಮಂಚದ ಕೋಣೆ. ಅಕ್ಕಪಕ್ಕದ ಕೋಣೆಗಳವರೂ ಸೇರಿ ಹನ್ನೊಂದು ಜನ, ಕೊಪ್ಪಳ, ರಾಯಚೂರು, ಬಾಗಲಕೋಟೆ ಕಡೆಯವರು, ಒಬ್ಬರು ಮಂಗಳೂರಿನವರು. ಅವರಿಗೂ ರಜೆ ಶುಕ್ರವಾರವೊಂದೇ. ಹಾಗಾಗಿ ಆಯುಧಪೂಜೆ, ವಿಜಯದಶಮಿ ಎಲ್ಲವೂ ಅಂದೇ. ಮೂಲೆಯಲ್ಲಿ ಒಂದು ಪೆಟ್ಟಿಗೆಗೆ ಬಿಳಿ ಪಂಚೆ ಹೊದಿಸಿ, ಮೇಲೆ ಆಯುಧಗಳನ್ನು ಇಟ್ಟಿದ್ದರು. ಗೌಂಡಿಯ ಕರಣಿ, ತೂಗುಗುಂಡು, ರಸಮಟ್ಟ. ಕಾಕಾನ ಪೈಪ್ ಪಾನಾ, ಟೆಸ್ಟರು. ಅಡುಗೆಯವನ ಸೌಟು. ಬಸ್ಸು ಓಡಿಸುವವನ ಕೀಲಿಕೈ. ಎಲ್ಲಕ್ಕೂ ಅರಿಶಿನ ಕುಂಕುಮ, ಒಂದೊಂದು ಹೂವು. ನನ್ನ ಮಗ ಹುಟ್ಟಿದಾಗಿನಿಂದ ನೋಡಿದ ಆಯುಧಗಳೆಂದರೆ ಲ್ಯಾಪ್‌ಟಾಪು ಮತ್ತು ರೂಟರು. ಅವನು ಒಂದೊಂದನ್ನೂ ಬೆರಳಿಟ್ಟು ತೋರಿಸಿ ಇದು ಯಾರದು, ಇದು ಯಾವುದಕ್ಕೆ ಎಂದು ಕೇಳುತ್ತ ಹೋದ. ಗೌಂಡಿ ರಸಮಟ್ಟವನ್ನು ಪೂಜೆಯಿಂದ ಎತ್ತಿ ಅವನ ಕೈಗೇ ಕೊಟ್ಟ, ಒಳಗಿನ ಗುಳ್ಳೆ ನಡುವೆ ನಿಂತರೆ ನೆಲ ಸಮ ಎಂದು ಹೇಳಿಕೊಟ್ಟ. ಇವನು ಮಂಚಗಳ ಮೇಲೆಲ್ಲ ಇಟ್ಟು ನೋಡಿದ. ಒಂದೂ ಸಮ ಇರಲಿಲ್ಲ! "ಕಟ್ಟಿದಾವ ನಾ ಅಲ್ಲಪಾ" ಎಂದ ಗೌಂಡಿ. ಕೋಣೆಯೆಲ್ಲ ನಕ್ಕಿತು.

ಅವ್ವನಿಗೆ ವಿಡಿಯೋ ಕರೆ ಮಾಡಿದೆ. ಅವ್ವನಿಗೂ ಕಾಕಾನಿಗೂ ಎರಡು ನಿಮಿಷದಲ್ಲಿ ಗಜೇಂದ್ರಗಡದ ಸಂತೆಯ ನಂಟು ಸಿಕ್ಕಿತು. ಆಮೇಲೆ ಫೋನು ನನ್ನ ಕೈಗೆ ತಿರುಗಿ ಬರಲು ಅರ್ಧ ಗಂಟೆಯಾಯಿತು.

ಘಾಫ್‌ನ ಎಲೆಯನ್ನು ಕಾಕಾ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಹೂಂ, ಇದು ಬನ್ನೀನ" ಎಂದರು. ಆದರೂ ಒಂದು ಎಳೆಯನ್ನು ಮಡಿಸಿ ಪಾಕೀಟಿನಲ್ಲಿ ಇಟ್ಟುಕೊಂಡರು. "ಊರಿಗೆ ಹೋದಾಗ ಗುಡಿ ಮುಂದಿನ ಗಿಡಕ್ಕ ಹಚ್ಚಿ ನೋಡತೀನಿ." ಅವರ ಅನುಮಾನ ತಪ್ಪಲ್ಲ. ನಮ್ಮ ನಾಡಿನಲ್ಲಿ ಬನ್ನಿ ಎಂದು ಪೂಜಿಸುವ ಮರ ಎಲ್ಲ ಕಡೆಯೂ ಒಂದೇ ಜಾತಿಯದ್ದಲ್ಲ.

ಮಕ್ಕಳು ಹನ್ನೊಂದು ಜನರಿಗೂ ಬನ್ನಿ ಕೊಟ್ಟರು. ಕೆಲವರು ಒಂದು ರಿಯಾಲ್, ಕೆಲವರು ಐದು ಕೊಟ್ಟರು. ನಾನು ಬಾಯಿ ಬಿಡಲಿಲ್ಲ. ನಾನು ಕಾಕಾನ ಕಾಲು ಮುಟ್ಟಿದೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು "ಬಂಗಾರದಂಗ ಇರು ತಮ್ಮಾ" ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಸಾಹೇಬ್ರ ಎಂದೇ ಕರೆಯುತ್ತಿದ್ದರು.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಆ ಕೋಣೆಯಲ್ಲಿ ಇಪ್ಪತ್ತೆರಡು, ಇಪ್ಪತ್ಮೂರರ ನಾಲ್ಕು ಹುಡುಗರಿದ್ದರು. ಅವರು ಸಾಲಾಗಿ ಬಂದು ನನ್ನ ಕೈಗೆ ಬನ್ನಿಯಿಟ್ಟು ಬಗ್ಗಿದರು. ನಲವತ್ನಾಲ್ಕರ ನಾನು ಅಲ್ಲಿ ಹಿರಿಯ! ಜೇಬಿಗೆ ಕೈ ಹಾಕಿದೆ. ಕಾರ್ಡು ಬಿಟ್ಟು ಒಂದು ರಿಯಾಲೂ ಇಲ್ಲ. ಎಲ್ಲದಕ್ಕೂ ಕಾರ್ಡು ಉಜ್ಜಿ ಅಭ್ಯಾಸವಾದವನು ನಾನು. ಹುಡುಗರು ಬಗ್ಗಿದವರು ಬಗ್ಗಿಯೇ ಇದ್ದಾರೆ, ನಾನು ಜೇಬು ತಡಕುತ್ತಲೇ ಇದ್ದೇನೆ. ಕಾಕಾ ಪಕ್ಕದಿಂದ ಸದ್ದಿಲ್ಲದೆ ಐದು ರಿಯಾಲಿನ ನಾಲ್ಕು ನೋಟು ನನ್ನ ಅಂಗೈಗೆ ತುರುಕಿದರು.

ಆ ಇಪ್ಪತ್ತು ರಿಯಾಲ್ ಸಾಲ ಇನ್ನೂ ತೀರಿಲ್ಲ. ಎರಡು ಸಲ ಕೊಡಲು ಹೋದೆ. "ಇರಲಿ, ಮುಂದಿನ ಬನ್ನಿಗೆ ನೋಡೂಣು" ಎನ್ನುತ್ತಾರೆ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ, ಹಿಂದಿನ ಸಾಲಿನ ಮಕ್ಕಳು ಆಗಲೇ ಎದ್ದು ನಿಂತಿದ್ದಾರೆ.